ಕೂಗಿದವರಿಗೆ ಇನ್ನೊಂದು ಸೇರು

ಇವತ್ತು ಬೆಳಿಗ್ಗೆ ನನ್ನ ಫೋನು ನನ್ನನ್ನು ಗುರುತಿಸಲಿಲ್ಲ. ಹೆಬ್ಬೆರಳು ಒತ್ತಿದೆ, ಇಲ್ಲ ಅಂದಿತು. ಸೆರಗಿಗೆ ಒರೆಸಿ ಒತ್ತಿದೆ, ಇಲ್ಲ. ಉಫ್ ಎಂದು ಊದಿ ಮತ್ತೊಮ್ಮೆ ಒತ್ತಿದೆ. ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದು ಸರ್ಕಾರಿ ಕಚೇರಿಯ ಗುಮಾಸ್ತನ ಗತ್ತಿನಲ್ಲಿ ಬಾಗಿಲು ಹಾಕಿಕೊಂಡಿತು. ಐವತ್ತೆರಡು ವರ್ಷದಿಂದ ನನ್ನ ಕೈಗೇ ಅಂಟಿಕೊಂಡಿರುವ ಬೆರಳು ಇದ್ದಕ್ಕಿದ್ದಂತೆ ಯಾರದ್ದೋ ಆಗಿಬಿಟ್ಟಿತೇ ಎಂದು ಕನ್ನಡಕ ಹಾಕಿಕೊಂಡು ನೋಡಿದೆ. ಗೆರೆಗಳೆಲ್ಲ ಸವೆದು, ಚರ್ಮ ಸುಕ್ಕಾಗಿ, ಉಗುರಿನ ಸಂದಿ ಕಪ್ಪಾಗಿತ್ತು. ಮೂಸಿದೆ. ಅವರೆಕಾಯಿಯ ಸೊಗಡು.

ನಿನ್ನೆ ಮಧ್ಯಾಹ್ನ ನಾನು ಎರಡು ಸೇರು ಅವರೆಕಾಳು ಹಿತುಕಿದ್ದೇನೆ. ಹಬ್ಬಕ್ಕಲ್ಲ, ಬೀಗರಿಗಲ್ಲ, ಶಿಕ್ಷೆಗೆ. ಅಪರಾಧ ಹೋದ ವರ್ಷದ್ದು, ತೀರ್ಪು ಈ ವರ್ಷದ್ದು. ನಮ್ಮ ದೇಶದ ಲೆಕ್ಕದಲ್ಲಿ ಬೇಗನೇ ಆಯಿತೆನ್ನಿ. ಅಪರಾಧಕ್ಕೆ ಬಳಸಿದ ಆಯುಧ ಇದೇ ಫೋನು. ಈಗ ನೋಡಿದರೆ ಏನೂ ಗೊತ್ತಿಲ್ಲದ ಹಾಗೆ ಮುಖ ತಿರುಗಿಸುತ್ತಿದೆ, ಕಳ್ಳ ಮುಂಡೇದು.

ಹಿತಕವರೆ ಎಂದರೆ ಗೊತ್ತಲ್ಲ? ಗೊತ್ತಿಲ್ಲದಿದ್ದರೆ ನೀವು ಬೆಂಗಳೂರಿನಲ್ಲಿ ಒಂದು ಚಳಿಗಾಲವನ್ನೂ ನೆಟ್ಟಗೆ ಕಳೆದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಸೊಗಡಿನ ಕಾಯಿ ತಂದು, ಬಿಡಿಸಿ, ಕಾಳನ್ನು ನೀರಿನಲ್ಲಿ ನೆನೆಹಾಕಿ, ಒಂದೊಂದನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಬೇಕು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ತಟ್ಟೆಗೆ ಹಾರಬೇಕು. ತಟ್ಟೆ ಬಿಟ್ಟು ಎದುರಿನವರ ಕನ್ನಡಕಕ್ಕೆ ಹಾರುವುದೂ ಉಂಟು. ಒಂದು ಸೇರು ಕಾಳು ಹಿತುಕಲು ಒಂದು ಗಂಟೆ, ಆ ಸಾರು ಸುರಿದುಕೊಂಡು ಉಂಡು ಮುಗಿಸಲು ಹತ್ತು ನಿಮಿಷ. ಒಬ್ಬರೇ ಕೂತು ಮಾಡುವ ಕೆಲಸ ಅಲ್ಲವೇ ಅಲ್ಲ. ನಾಲ್ಕು ಜನ ಬೇಕು, ಮಾತು ಬೇಕು. ಬರೀ ಮಾತಾದರೆ ಅರ್ಧ ಸೇರಿಗೇ ತೂಕಡಿಕೆ ಬರುತ್ತದೆ, ಆದ್ದರಿಂದ ಜಗಳ ಬೇಕು. ನಮ್ಮಮ್ಮನ ಮನೆಯ ಜಗಲಿಯಲ್ಲಿ ಆ ಜಗಳ ದೇವರ ಪುಸ್ತಕಗಳ ಮೇಲೆ ನಡೆಯುತ್ತದೆ.

ಜಗಳಗಂಟಿಯರು ಮೂವರು. ಅಮ್ಮ, ಹೆಸರು ಸುಶೀಲ, ಮಲ್ಲೇಶ್ವರದವಳು, ಎಪ್ಪತ್ತಾರು ವರ್ಷ, ಏಕಾದಶಿ ಬಿಟ್ಟವಳಲ್ಲ. ಫಿಲೋಮಿನ ಆಂಟಿ ಚಾಮರಾಜಪೇಟೆಯವರು, ಕೆಥೋಲಿಕರು, ಮನೆಮಾತು ಅಪ್ಪಟ ಕನ್ನಡ, ಭಾನುವಾರ ಚರ್ಚಿನ ಪೂಜೆ ಬಿಟ್ಟವರಲ್ಲ. ಗೌತಮಿ ಆಂಟಿ ಓಕಳಿಪುರದವರು. ಅಪ್ಪ ಬೌದ್ಧರಾದ ಮೇಲೆ ಹುಟ್ಟಿದ್ದರಿಂದ ಗೌತಮಿ. ಆತುರಪಟ್ಟು ಮೊದಲೇ ಹುಟ್ಟಿಬಿಟ್ಟ ಅವರಕ್ಕ ಮಾರಕ್ಕ. ನೀವು ಏನೇನು ಬಿಟ್ಟಿದ್ದೀರಿ ಎಂದು ಅವರನ್ನು ಕೇಳಿದರೆ, "ಪಟ್ಟಿ ಕೊಡ್ಲಾ? ಉದ್ದ ಇದೆ" ಎನ್ನುತ್ತಾರೆ.

ಮೂವರೂ ಒಂದೇ ಸರ್ಕಾರಿ ಕಚೇರಿಯ ಟೈಪ್ ಸೆಕ್ಷನ್ನಿನಲ್ಲಿ ಮೂವತ್ತು ವರ್ಷ ಅಕ್ಕಪಕ್ಕ ಕೂತು ಕುಟ್ಟಿದವರು. ಬೇಸಿಗೆ ರಜೆಯಲ್ಲಿ ನನ್ನನ್ನು ನೋಡಿಕೊಳ್ಳುವವರಿಲ್ಲದೆ ಅಮ್ಮ ಕಚೇರಿಗೇ ಎಳೆದುಕೊಂಡು ಹೋಗುತ್ತಿದ್ದಳು. ಮೇಜಿನ ಕೆಳಗೆ ನನ್ನ ಸಂಸಾರ. ಹಳೆಯ ಕಾರ್ಬನ್ ಹಾಳೆಯಿಂದ ಮೀಸೆ ಬರೆದುಕೊಂಡು, ಚಪ್ಪಲಿ ಬಿಚ್ಚಿಟ್ಟ ಆರು ಪಾದಗಳ ನಡುವೆ ಕೂತು ಮೇಲಿನ ಮಾತು ಕೇಳುತ್ತಿದ್ದೆ. ಮಧ್ಯಾಹ್ನ ಡಬ್ಬಿಗಳ ಮುಚ್ಚಳ ತೆಗೆದರೆಂದರೆ ಶುರು. ಯಾವುದು ದೇವರು ಹೇಳಿದ್ದು, ಯಾವುದು ಆಮೇಲೆ ಯಾರೋ ಸೇರಿಸಿದ್ದು, ಯಾರ ಪುಸ್ತಕ ಪೂರ್ತಿ, ಯಾರದ್ದು ಅರೆಬರೆ. ನನ್ನ ವೇದಾಂತ ಶಿಕ್ಷಣವೆಲ್ಲ ಹೀಗೆ ಹುಳಿಯನ್ನದ ವಾಸನೆಯಲ್ಲೇ ನಡೆದದ್ದು. ದನಿ ಏರಿದರೆ ಸೂಪರಿಂಟೆಂಡೆಂಟರು ಇಣುಕುತ್ತಿದ್ದರು. ಅದಕ್ಕೆ ಮೂವರೂ ಕೂಡಿ ಒಂದು ಕಾನೂನು ಮಾಡಿಕೊಂಡರು: ವಾದ ಎಷ್ಟಾದರೂ ಮಾಡಿ, ಕೂಗಿದವರು ಮಾತ್ರ ಊಟವಾದ ಮೇಲೆ ಒಂದು ಸ್ಟೆನ್ಸಿಲ್ ಹಾಳೆ ಹೆಚ್ಚಿಗೆ ಕುಟ್ಟಬೇಕು.

ನಿವೃತ್ತಿಯಾದ ಮೇಲೆ ಸ್ಟೆನ್ಸಿಲ್ ಹೋಯಿತು, ನಮ್ಮಜ್ಜಿಯ ಹಿತ್ತಾಳೆ ಸೇರು ಬಂತು. ಅವರೆ ಕಾಲದಲ್ಲಿ ವಾರಕ್ಕೊಂದು ಮಧ್ಯಾಹ್ನ ಜಗಲಿಯ ಮೇಲೆ ಹಳೇ ಪೇಪರ್ ಹಾಸಿ ಕೂರುತ್ತಾರೆ. ಕೂಗಿದವರ ಮುಂದೆ ಇನ್ನೊಂದು ಸೇರು ಕಾಳು ಸುರಿಯುತ್ತಾರೆ. ಅಪೀಲಿಲ್ಲ. ನಾನು ಶೇಷಾದ್ರಿಪುರದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು, ಎಷ್ಟೋ ವಿಚಾರಸಂಕಿರಣಗಳಲ್ಲಿ ಕೂತು ಎದ್ದಿದ್ದೇನೆ. ಇಂಥ ಕಾನೂನು ಎಲ್ಲೂ ನೋಡಿಲ್ಲ. ಟೀವಿ ಚರ್ಚೆಗಳಿಗೆ ಇದನ್ನು ತಂದರೆ ನಾಡಿನ ಮನೆಮನೆಗೂ ಹಿತಕಿದ ಬೇಳೆ ಪುಕ್ಕಟೆ ಹಂಚಬಹುದು.

ಜಗಳದ ಮಾದರಿ ಕೇಳಿ.

"ನಮ್ದು ಎಪ್ಪತ್ತಮೂರು ಪುಸ್ತಕ ಕಣೇ. ಎಣಿಸಿ ತಗೋ" ಎನ್ನುತ್ತಾರೆ ಫಿಲೋಮಿನ ಆಂಟಿ. "ನಿಮ್ದೆಷ್ಟು ಹೇಳು ನೋಡೋಣ."

"ನಾಲ್ಕು ವೇದ, ಹದಿನೆಂಟು ಪುರಾಣ, ಅದರ ಮೇಲೆ ಉಪಪುರಾಣ, ಆಮೇಲೆ ಒಂದೊಂದು ಊರಿಗೆ ಒಂದೊಂದು ಸ್ಥಳಪುರಾಣ..."

"ಲೆಕ್ಕಾನೇ ಇಲ್ಲ ಅನ್ನು. ಇದೇನು ಶಾಸ್ತ್ರಾನಾ, ಸಂತೇನಾ?"

"ಎಣಿಕೆಗೆ ಸಿಕ್ಕೋಕೆ ದೇವರ ಮಾತೇನು ರೇಷನ್ ಅಕ್ಕೀನಾ?" ಎನ್ನುತ್ತಾಳೆ ಅಮ್ಮ. ದನಿ ಏರುವುದಿಲ್ಲ, ಬೇಳೆ ಮಾತ್ರ ಸ್ವಲ್ಪ ದೂರ ಹಾರುತ್ತದೆ.

"ನಮ್ದು ಮೂರು ಬುಟ್ಟಿ" ಎಂದು ಗೌತಮಿ ಆಂಟಿ ನಡುವೆ ಬರುತ್ತಾರೆ. ಬುದ್ಧನ ಮಾತುಗಳನ್ನು ಅವರಲ್ಲಿ ಮೂರು ಬುಟ್ಟಿಗಳಾಗಿ ವಿಂಗಡಿಸಿದ್ದಾರಂತೆ.

"ಒಂದು ಬುಟ್ಟಿ ಅಂದ್ರೆ ಎಷ್ಟು ಸೇರೇ?" ಎಂದು ಅಮ್ಮ ಸೀರಿಯಸ್ಸಾಗಿ ಕೇಳುತ್ತಾಳೆ.

"ನಿನ್ ತಲೆ. ನಮ್ಮ ಬುದ್ಧ ಏನ್ ಹೇಳಿದಾನೆ ಗೊತ್ತಾ? ಪುಸ್ತಕದಲ್ಲಿದೆ ಅಂತ ಯಾವ್ದನ್ನೂ ನಂಬ್ಬೇಡಿ ಅಂದಿದಾನೆ."

"ಎಲ್ಲಿ ಹೇಳಿದಾನೆ?"

ಗೌತಮಿ ಆಂಟಿ ಬಾಯಿ ತೆರೆದರು, ಮುಚ್ಚಿದರು. "ಪುಸ್ತಕದಲ್ಲೇ" ಎಂದು ಒಪ್ಪಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕರು. ನಗುವೂ ಕೂಗೇ ಎಂದು ವಾದಿಸಿ ಫಿಲೋಮಿನ ಆಂಟಿ ಅವರ ಮುಂದೆ ಒಂದು ಸೇರು ಸುರಿದರು.

ಈ ಮೂವರಿಗೆ ಪುಸ್ತಕಗಳ ಬಗ್ಗೆ ಇರುವ ವಿದ್ಯೆ ಪಂಡಿತರದ್ದಲ್ಲ, ಟೈಪಿಸ್ಟರದ್ದು. ಅಮ್ಮ ಒಮ್ಮೆ ಹಸಿವಿನ ಅವಸರದಲ್ಲಿ ವರ್ಗಾವಣೆ ಆದೇಶವೊಂದರಲ್ಲಿ ಒಂದು ಸಾಲು ಬಿಟ್ಟುಬಿಟ್ಟಿದ್ದಳು. ಪಾಪ, ಒಬ್ಬ ಗುಮಾಸ್ತ ಹೋಗಬಾರದ ಊರಿಗೆ ಹೋಗಿ, ಅಲ್ಲೇ ಸೈಟು ತಗೊಂಡು, ಮದುವೆಯಾಗಿ, ಆಮೇಲೆ ಸಿಹಿ ಡಬ್ಬಿ ಹಿಡಿದು ಥ್ಯಾಂಕ್ಸ್ ಹೇಳಲು ಬಂದ. ಅಂದಿನಿಂದ ಅಮ್ಮನ ಸಿದ್ಧಾಂತ ಒಂದೇ. ಲೋಕದ ಯಾವ ಧರ್ಮಗ್ರಂಥ ತೆಗೆದರೂ ಊಟದ ಹೊತ್ತಿಗೆ ಯಾರೋ ಬಿಟ್ಟ ಸಾಲು ಒಂದಾದರೂ ಇರುತ್ತದೆ, ಅದರ ಮೇಲೆ ಯಾರೋ ಸಂಸಾರ ಕಟ್ಟಿಕೊಂಡಿರುತ್ತಾರೆ, ಈಗ ಹೋಗಿ ತಿದ್ದಬಾರದು. ಇಷ್ಟು ತಿಳಿದವಳೇ ಎಡವಿದಳು ನೋಡಿ.

ಹೋದ ವರ್ಷದ ಜನವರಿ. ಅವತ್ತು ಅಮ್ಮನಿಗೆ ಗ್ರಹಚಾರ ಕೆಟ್ಟಿತ್ತು. ವೇದಕ್ಕೆ ಸಮವಾದದ್ದು ಯಾವುದೂ ಇಲ್ಲ ಎಂದು ಏನೋ ಹೇಳಹೊರಟಳು. ಗೌತಮಿ ಆಂಟಿ ಕಾಳಿನಿಂದ ಕಣ್ಣೆತ್ತದೆ ಹೇಳಿದರು: "ಅಲ್ವೇ ಸುಶೀ, ಹೆಂಗಸು ಅಂತ ನಿಂಗೆ ಓದೋಕೇ ಬಿಡದ ಪುಸ್ತಕಕ್ಕೆ ನೀನೇ ವಕೀಲಿ ಮಾಡ್ತೀಯಲ್ಲ. ಫೀಸಾದ್ರೂ ಕೊಡ್ತಾರಾ?"

ಅಮ್ಮ ಕೂಗಿದಳು. ಒಂದು ಸೇರು ಬಂತು. ಐದು ನಿಮಿಷದಲ್ಲಿ ಮತ್ತೆ ಕೂಗಿದಳು, ಇನ್ನೊಂದು ಬಂತು. ಫಿಲೋಮಿನ ಆಂಟಿ ಬೇರೆ, "ಲೆಕ್ಕ ಇಲ್ಲದೋರಿಗೆ ಲೆಕ್ಕ ಇಲ್ಲದಷ್ಟು ಕಾಳು" ಎಂದು ಕೆಣಕಿದರು. ಅಮ್ಮ ನೀರು ಕುಡಿಯುವ ನೆಪದಲ್ಲಿ ಒಳಗೆ ಬಂದಳು. ನಾನು ನಡುಮನೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ.

"ಏನಾದ್ರೂ ಕೊಡೇ, ಅವಳ ಬಾಯಿ ಮುಚ್ಚಿಸೋವಂಥದ್ದು" ಎಂದಳು. ಎಪ್ಪತ್ತೈದು ವರ್ಷದ ಹೆಂಗಸು, ಕಣ್ಣಲ್ಲಿ ಪರೀಕ್ಷೆಗೆ ಕಾಪಿ ಹೊಡೆಯುವ ಹುಡುಗಿಯ ಹೊಳಪು.

ಕೊಡಬಾರದಿತ್ತು. ಆದರೆ ನಾನು ಇತಿಹಾಸದ ಮೇಡಂ ಅಲ್ಲವೇ? ಗೊತ್ತಿದ್ದನ್ನು ಹೇಳದಿದ್ದರೆ ನನಗೆ ಅಜೀರ್ಣವಾಗುತ್ತದೆ. ಗೊತ್ತಿಲ್ಲದ್ದಕ್ಕೆ ಫೋನಿದೆ. ಎರಡು ನಿಮಿಷ ಬೆರಳಾಡಿಸಿ ತೆಗೆದುಕೊಟ್ಟೆ: ಪ್ರಾಟೆಸ್ಟೆಂಟರ ಬೈಬಲಿನಲ್ಲಿ ಅರವತ್ತಾರೇ ಪುಸ್ತಕ. ಕೆಥೋಲಿಕರ ಎಪ್ಪತ್ತಮೂರರಲ್ಲಿ ಏಳನ್ನು ಅವರು ಒಪ್ಪುವುದಿಲ್ಲ. ಸತ್ತವರಿಗಾಗಿ ಪ್ರಾರ್ಥನೆ ಮಾಡಬೇಕೆಂಬ ಮಾತು ಬರುವುದು ಆ ಏಳರಲ್ಲೊಂದರಲ್ಲಿ. ಓದಿ ಹೇಳುವಾಗ ನನಗೆ ಹೆಮ್ಮೆಯೇ ಆಯಿತು, ಏನು ಹೇಳಲಿ.

ಅಮ್ಮ ಹೊರಗೆ ಹೋಗಿ ಕೂತಳು. ಒಂದು ಹಿಡಿ ಕಾಳು ಹಿತುಕಿದಳು. ಆಮೇಲೆ ಮೆತ್ತಗೆ, ಬೆಣ್ಣೆಯಂಥ ದನಿಯಲ್ಲಿ ಕೇಳಿದಳು: "ಫಿಲೋ, ನಿಮ್ಮ ಎಪ್ಪತ್ತಮೂರರಲ್ಲಿ ಏಳನ್ನ ನಿಮ್ಮೋರೇ ಅರ್ಧ ಜನ ಒಪ್ಪಲ್ವಂತಲ್ಲೇ? ಸತ್ತೋರಿಗೆ ಪ್ರಾರ್ಥನೆ ಅನ್ನೋದು ಆ ಏಳರಲ್ಲೇ ಅಂತೆ ಇರೋದು. ಹಾಗಾದ್ರೆ ನೀನು ತಿಂಗಳು ತಿಂಗಳು ಚೌರಪ್ಪನೋರಿಗೆ ಅಂತ ಪೂಜೆ ಕೊಡಿಸ್ತೀಯಲ್ಲ, ಅದು ಎಲ್ಲಿಗ್ ಹೋಗತ್ತೆ?"

ಚೌರಪ್ಪ ಅಂಕಲ್ ಎಂದರೆ ಫಿಲೋಮಿನ ಆಂಟಿಯ ಗಂಡ. ಎಂಟು ವರ್ಷದ ಹಿಂದೆ ಬಳೇಪೇಟೆಯಲ್ಲಿ ಯಾರದೋ ಮದುವೆಗೆ ಬಳೆ ಕೊಳ್ಳುತ್ತಾ ನಿಂತಿದ್ದವರು ನಿಂತಲ್ಲೇ ಕುಸಿದು ಹೋಗಿಬಿಟ್ಟಿದ್ದರು. ಫಾದರನ್ನು ಕರೆಸಿ ಕಡೆಯ ಪ್ರಾರ್ಥನೆ ಹೇಳಿಸುವುದಿರಲಿ, ಬಾಯಿಗೆ ನೀರು ಬಿಡುವಷ್ಟೂ ಹೊತ್ತು ಕೊಡಲಿಲ್ಲ. ಆಮೇಲೆ ಆಂಟಿಯ ಕೈಲಿ ಉಳಿದದ್ದು ಆ ತಿಂಗಳ ಪೂಜೆ ಒಂದೇ.

ಫಿಲೋಮಿನ ಆಂಟಿ ಕೈಯಲ್ಲಿದ್ದ ಕಾಳನ್ನು ವಾಪಸ್ಸು ನೀರಿಗೆ ಹಾಕಿದರು. ಎದ್ದರು. ಕೈಯನ್ನೂ ತೊಳೆಯದೆ ಚಪ್ಪಲಿ ಮೆಟ್ಟಿಕೊಂಡು ಗೇಟು ತೆಗೆದು ಹೋದರು. ಗೇಟನ್ನು ಸದ್ದಾಗದ ಹಾಗೆ ಮುಚ್ಚಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

ಗೌತಮಿ ಆಂಟಿ ಸೇರನ್ನು ಕೈಗೆತ್ತಿಕೊಂಡರು. "ಕೂಗಿದ್ರೆ ಒಂದು ಸೇರು ಕೊಡ್ತಿದ್ವಿ ಸುಶೀ" ಎಂದರು. "ಇದಕ್ಕೆ ಏನ್ ಕೊಡೋಣ?"

ಆ ವರ್ಷ ನಮ್ಮ ಮನೆಯಲ್ಲಿ ಮತ್ತೆ ಹಿತಕವರೆಯಾಗಲಿಲ್ಲ. ಮೂವರ ವಾಟ್ಸಾಪ್ ಗುಂಪಿನ ಹೆಸರು ಟೈಪ್ ಸೆಕ್ಷನ್. ಅದರಲ್ಲಿ ಫಿಲೋಮಿನ ಆಂಟಿ ಪ್ರತಿದಿನ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರದ ಶುಭೋದಯ ಕಳಿಸುತ್ತಿದ್ದರು. ನಿಂತುಹೋಯಿತು. ಆ ಚಿತ್ರಗಳನ್ನು ಕಂಡರೆ "ಮೆಮೊರಿ ತಿನ್ನತ್ತೆ ದರಿದ್ರ" ಎಂದು ಬಯ್ಯುತ್ತಿದ್ದ ಅಮ್ಮ ಈಗ ಬೆಳಿಗ್ಗೆ ಐದೂವರೆಗೇ ಫೋನು ಹಿಡಿದು ಕೂರತೊಡಗಿದಳು. ನಾನು ಮಾತಾಡಿಸಿದರೆ ಮೂಗು ಮುರಿಯುತ್ತಿದ್ದಳು. "ಕೇಳಿದ್ದು ನೀನೇ ಅಲ್ವಾ" ಎಂದು ಒಂದು ಸಲ ನಾನೂ ರೇಗಿದೆ. "ನಾನು ಕೇಳ್ತೀನಿ, ನಿಂಗೆ ಬುದ್ಧಿ ಬೇಡ್ವಾ?" ಎಂದಳು. ಅದು ನಿಜವೇ. ನನಗೆ ನಾಚಿಕೆಯಾಗಿತ್ತು, ಹೇಳಿಕೊಳ್ಳಲು ಬಿಗುಮಾನ.

ನವೆಂಬರ್ ಬಂತು. ಕೆಥೋಲಿಕರು ತಮ್ಮ ಸತ್ತವರ ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವ ದಿನ ಅಮ್ಮ ಬೆಳಿಗ್ಗೆಯೇ ಸೀರೆ ಉಟ್ಟು ನಿಂತಿದ್ದಳು. ಕೈಯಲ್ಲಿ ಎರಡು ಮಾರು ಸೇವಂತಿಗೆ.

"ಆಟೋ ಕರಿ. ಚೌರಪ್ಪನೋರ ಹತ್ರ ಹೋಗ್ಬೇಕು" ಎಂದಳು, ಅವರು ಮನೆಯಲ್ಲಿ ಕಾಯುತ್ತಾ ಕೂತಿದ್ದಾರೇನೋ ಎಂಬಂತೆ.

ಫಿಲೋಮಿನ ಆಂಟಿ ಸಮಾಧಿಯ ಕಲ್ಲನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ನಮ್ಮನ್ನು ನೋಡಿಯೂ ನೋಡದಂತೆ ಉಜ್ಜಿದರು. ಅಮ್ಮ ಹೋಗಿ ಪಕ್ಕದಲ್ಲಿ ಕೂತಳು. ಮಂಡಿನೋವಿನವಳು, ನೆಲಕ್ಕೆ ಕೂರುವುದೇ ಒಂದು ಸಾಹಸ.

"ತಪ್ಪಾಯ್ತು ಕಣೇ ಫಿಲೋ."

"ನೀನು ಹೇಳಿದ್ದು ತಪ್ಪಲ್ಲ" ಎಂದರು ಆಂಟಿ, ಉಜ್ಜುವುದನ್ನು ನಿಲ್ಲಿಸದೆ. "ನಮ್ಮ ಗ್ರೇಸಿನೂ ಅದನ್ನೇ ಹೇಳ್ತಾಳೆ." ಗ್ರೇಸಿ ಅವರ ಸೊಸೆ, ಪ್ರಾಟೆಸ್ಟೆಂಟರ ಮನೆಯ ಹುಡುಗಿ. "ಅತ್ತೆ, ಅದು ನಮ್ಮ ಪುಸ್ತಕದಲ್ಲಿಲ್ಲ ಅಂತಾಳೆ. ಹೌದಾ ತಾಯಿ, ನಿಮ್ಮ ಪುಸ್ತಕ ನಿಮಗೆ ಅಂತ ಹೇಳಿ ನಾನು ಊಟ ಮಾಡ್ತೀನಿ. ನೀನು ಹೇಳಿದ್ಮೇಲೆ ಎರಡು ದಿನ ಅನ್ನ ಸೇರ್ಲಿಲ್ಲ ನಂಗೆ."

"ಯಾಕೇ?"

"ಅವಳು ನಂಬ್ಕೊಂಡು ಹೇಳ್ತಾಳೆ. ನೀನು ಗೆಲ್ಲೋಕೆ ಹೇಳಿದೆ."

ನಾನು ಪಕ್ಕದ ಸಮಾಧಿಯ ಮೇಲಿನ ಹೆಸರನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ಭೂಮಿ ಬಾಯಿಬಿಡಬಾರದೇ ಎನ್ನಿಸುತ್ತಿತ್ತು, ಆದರೆ ಆ ಜಾಗದಲ್ಲಿ ಹಾಗೆಲ್ಲ ಬೇಡಿಕೊಳ್ಳುವುದು ಅಪಾಯ.

ಫಿಲೋಮಿನ ಆಂಟಿ ನಾರನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಬ್ಯಾಗಿನಿಂದ ಒಂದು ಚೀಟಿ ತೆಗೆದರು. ಅವತ್ತಿನ ಪೂಜೆಯಲ್ಲಿ ಫಾದರ್ ಓದಲೆಂದು ಕೊಡುವ ಹೆಸರುಗಳ ಪಟ್ಟಿ. ಮೂವತ್ತು ವರ್ಷದ ಚಾಳಿ ಹೋಗುತ್ತದೆಯೇ, ಹಳೇ ಮೆಷಿನ್ನಿನಲ್ಲಿ ಟೈಪ್ ಮಾಡಿ, ಕಚೇರಿ ಪ್ರತಿ ಎಂದು ಕಾರ್ಬನ್ ಕಾಪಿಯನ್ನು ತಮ್ಮಲ್ಲಿಟ್ಟುಕೊಂಡಿದ್ದರು. ಚೌರಪ್ಪ, ಇನ್ನಾಸಪ್ಪ, ಮರಿಯಮ್ಮ, ಅಂತೋಣಮ್ಮ. ಐದನೆಯದು ವೆಂಕಟೇಶಮೂರ್ತಿ.

ನಮ್ಮಪ್ಪ.

ಗಂಡುಮಕ್ಕಳಿಲ್ಲದ ನಮ್ಮಪ್ಪನ ತಿಥಿಯನ್ನು ಚಿಕ್ಕಪ್ಪನ ಮಗ ಮಾಡುತ್ತಾನೆ, ಅವನಿಗೆ ರಜೆ ಸಿಕ್ಕ ವರ್ಷ. ನಾನು ಮಾಡುತ್ತೇನೆಂದರೆ ಪುರೋಹಿತರು ಪಂಚಾಂಗ ಮುಚ್ಚಿ ಕೆಮ್ಮುತ್ತಾರೆ. ಬದುಕಿದ್ದಾಗ ಅಪ್ಪನೂ ಅಷ್ಟೆ, ಸತ್ಯನಾರಾಯಣ ಕಥೆಗೆ ಕೂತರೆ ಎರಡನೇ ಅಧ್ಯಾಯಕ್ಕೆ ಗೊರಕೆ. ಫಿಲೋಮಿನ ಆಂಟಿ ಕ್ರಿಸ್ಮಸ್ಸಿಗೆ ಕಳಿಸುತ್ತಿದ್ದ ಕಲ್‌ಕಲ್ ಎಂಬ ಕರಿದ ಸಿಹಿತಿಂಡಿಯ ಡಬ್ಬಿಗೆ ಮಾತ್ರ ಭಕ್ತಿಯಿಂದ ಕಾಯುತ್ತಿದ್ದರು.

"ಆರು ವರ್ಷದಿಂದ ಓದಿಸ್ತಿದೀನಿ, ಅವರು ಹೋದಾಗಿಂದ" ಎಂದರು ಆಂಟಿ. "ಈ ವರ್ಷ ನಿನ್ ಮೇಲಿನ ಕೋಪಕ್ಕೆ ತೆಗೆದುಬಿಡೋಣ ಅಂತ ಕೂತೆ. ಆಮೇಲೆ ಪಾಪ ಅನ್ನಿಸ್ತು. ನಿನ್ ಬಾಯಿ ಕಟ್ಕೊಂಡು ಏಗಿದ್ದೇ ಸಾಲದಾ ಅವರಿಗೆ, ಸತ್ತ ಮೇಲೂ ಶಿಕ್ಷೆ ಯಾಕೆ?"

ಅಮ್ಮ ಆ ಚೀಟಿಯನ್ನು ಕೈಗೆ ತೆಗೆದುಕೊಂಡಳು. ಅಳುತ್ತಿದ್ದಳು. ಮೂಗು ಸೊರ್ರನೆ ಎಳೆದುಕೊಂಡು ಕೇಳಿದಳು: "ಆ ಏಳು ಪುಸ್ತಕ ತೆಗೆದುಹಾಕಿದ್ರೆ ಇವರ ಹೆಸರೂ ಹೋಗತ್ತೇನೇ?"

"ಮತ್ತೆ? ಹೋಗೇ ಹೋಗತ್ತೆ."

ಅಮ್ಮ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಆಂಟಿಯ ಕೈಗೆ ವಾಪಸ್ಸು ಕೊಟ್ಟು, "ಹುಷಾರಾಗಿಟ್ಕೋ" ಎಂದಳು. ಮಾರನೆಯ ದಿನ ಬೆಳಿಗ್ಗೆ ಐದೂವರೆಗೆ ಗುಲಾಬಿ ಹೂವು ಬಂತು.

ನಿನ್ನೆಯದು ಈ ಕಾಲದ ಮೊದಲ ಹಿತಕವರೆ. ಕೂರುವ ಮೊದಲು ಗೌತಮಿ ಆಂಟಿ ತಿದ್ದುಪಡಿ ಓದಿದರು. ಒಂದು, ಕೂಗಿದವರಿಗೆ ಎಂದಿನಂತೆ ಒಂದು ಸೇರು. ಎರಡು, ತಾನು ನಂಬದ ಮಾತನ್ನು ಬರೀ ಗೆಲ್ಲಲಿಕ್ಕೆ ಮೆತ್ತಗೆ ಆಡಿದವರಿಗೆ ಎರಡು ಸೇರು. ಅಂಥದ್ದನ್ನು ಫೋನಿನಿಂದ ಹೆಕ್ಕಿ ಕೊಟ್ಟವರಿಗೂ ಎರಡು, ಹಿಂದಿನ ವರ್ಷದಿಂದ ಅನ್ವಯ. ಎಲ್ಲರೂ ನನ್ನ ಕಡೆ ನೋಡಿದರು. ನಾನು ತೆಪ್ಪಗೆ ತಟ್ಟೆ ಎಳೆದುಕೊಂಡೆ. ಅಮ್ಮನಿಗೂ ಎರಡು ಬರಬೇಕಿತ್ತು, ಸಮಾಧಿಯ ಹತ್ತಿರ ಮಂಡಿ ಮಡಿಸಿದ್ದಕ್ಕೆ ವಜಾ ಆಯಿತು. ಇದು ಅನ್ಯಾಯ ಎಂದು ನನ್ನ ಲಿಖಿತ ಅಭಿಪ್ರಾಯ.

ಅತ್ತೆಯನ್ನು ಸ್ಕೂಟರಿನಲ್ಲಿ ಬಿಡಲು ಬಂದ ಗ್ರೇಸಿಯೂ ಕೂತುಬಿಟ್ಟಳು. ಒಳ್ಳೆಯ ಹುಡುಗಿ, ಕೈ ಚುರುಕು. ಮಾತು ಎಲ್ಲೆಲ್ಲೋ ಸುತ್ತಿ, ಬರಬೇಕಾದಲ್ಲಿಗೇ ಬಂತು.

"ಬೇಜಾರ್ ಮಾಡ್ಕೋಬೇಡಿ ಆಂಟಿ" ಎಂದಳು ಗ್ರೇಸಿ, ನಮ್ಮಮ್ಮನಿಗೇ, ವಿನಯವಾಗಿ. "ನಾನು ನಂಬೋದನ್ನೇ ಹೇಳ್ತೀನಿ. ಆ ಏಳು ಪುಸ್ತಕ ಓದೋಕೆ ಚೆನ್ನಾಗಿವೆ. ಆದ್ರೆ ದೇವರ ವಾಕ್ಯ ಅಲ್ಲ. ಅರವತ್ತಾರೇ."

ಫಿಲೋಮಿನ ಆಂಟಿ ಅಭ್ಯಾಸದಂತೆ ಸುಮ್ಮನೆ ಕಾಳು ಹಿತುಕುತ್ತಿದ್ದರು. ನಾನು ಅಮ್ಮನನ್ನು ನೋಡಿದೆ. ಅವಳ ಕೈ ನಿಂತಿತ್ತು. ಮೂಗಿನ ಹೊಳ್ಳೆ ಅರಳಿತ್ತು. ಏಕಾದಶಿ ಬಿಡದ, ಬೈಬಲಿನ ಒಂದು ಪುಟವನ್ನೂ ಓದದ, ಮಲ್ಲೇಶ್ವರದ ಸುಶೀಲಮ್ಮ ಸೆರಗು ಸಿಕ್ಕಿಸಿಕೊಂಡಳು.

"ಎಪ್ಪತ್ತಮೂರು!" ಎಂದು ಅರಚಿದಳು. ಎದುರುಮನೆಯ ಕಿಟಕಿ ತೆರೆಯಿತು. "ಅನುಬಂಧ ಇಲ್ದೇ ಇರೋ ಆದೇಶ ಯಾವ ಆಫೀಸಲ್ಲಮ್ಮ ನಡೆಯತ್ತೆ? ಮೂವತ್ತು ವರ್ಷ ಟೈಪ್ ಮಾಡಿದೀನಿ ನಾನು! ಲಗತ್ತಿಸಿದೆ ಅಂದ್ಮೇಲೆ ಲಗತ್ತಿಸಿದೆ! ಒಂದ್ ಹಾಳೆ ಕೀಳ್ಕೂಡದು! ಅದರಲ್ಲಿ ನಮ್ಮನೆಯೋರ ಹೆಸರಿದೆ!"

ಗೌತಮಿ ಆಂಟಿ ಬಾಯಿಗೆ ಸೆರಗು ಒತ್ತಿಕೊಂಡು ಅಲುಗಾಡುತ್ತಿದ್ದರು. ಗ್ರೇಸಿ ಕಣ್ಣರಳಿಸಿ ಅತ್ತೆಯ ಕಡೆ ತಿರುಗಿದಳು. ಫಿಲೋಮಿನ ಆಂಟಿ ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಹಿತ್ತಾಳೆ ಸೇರನ್ನು ಕಾಳು ನೆನೆಹಾಕಿದ್ದ ಬಕೆಟ್ಟಿಗೆ ಅದ್ದಿ, ಗೋಪುರದ ಹಾಗೆ ತುಂಬಿಕೊಂಡು ಬಂದು ಅಮ್ಮನ ಮುಂದೆ ಸುರಿದರು. ಕಾನೂನು ಕಾನೂನೇ.

ಅಮ್ಮ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೊಂದು ಸುರಿದುಬಿಡು ಫಿಲೋ" ಎಂದಳು. "ನಾನಿನ್ನೂ ಮಾತು ಮುಗಿಸಿಲ್ಲ."